ಹೊಲಿಗೆ ಯಂತ್ರದ ಮೇಲಿನ ಕೆಂಪು ಬಟ್ಟೆ

ದರ್ಜಿಯಮ್ಮನ ಮನಸ್ಸು ಏರಿದರೆ ಏರಿತು, ಇಳಿದರೆ ಇಳಿಯಿತು. ನಡುವೆ ನಿಲ್ಲುವ ಅಭ್ಯಾಸವೇ ಅದಕ್ಕಿರಲಿಲ್ಲ. ಏರಿದಾಗ ಮನೆಯ ಬಟ್ಟೆಗೆಲ್ಲ ಜೇಬು ಹೊಲಿದಳು. ದಿಂಬಿಗೂ ಜೇಬು, ಕಿಟಕಿಯ ಪರದೆಗೂ ಜೇಬು! ಇಳಿದಾಗ ಗೋಡೆಗೆ ಮುಖ ಮಾಡಿ ಮಲಗಿದಳೆಂದರೆ ಮುಗಿಯಿತು. ಪುಟ್ಟ ಮಗಳು 'ನಾನೇನು ತಪ್ಪು ಮಾಡ್ದೆ?' ಎಂದು ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಲಾರಿ ಓಡಿಸುವ ಗಂಡ ಮನೆಯಲ್ಲಿರುವುದೇ ಅಪರೂಪ. ಅವನ ತಂಗಿ ಆ ಅಳು ನೋಡಿ, "ಇನ್ನೊಂದ್ಸಲ ಹೀಗಾದ್ರೆ ಮಗೂನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ದರ್ಜಿಯಮ್ಮನಿಗೆ ಜೀವವೇ ಬಾಯಿಗೆ ಬಂತು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದಳು. ತನ್ನಂಥ ತಾಯ್ತಂದೆಯರಿಗೆಂದು ಆಸ್ಪತ್ರೆಯವರು ನಡೆಸುವ ತರಗತಿಗೂ ಸೇರಿದಳು. "ಕಾಯಿಲೆ ಮುಚ್ಚಿಡ್ಬೇಡಿ, ಮಗೂಗೆ ಒಂದು ಗುರುತು ಹೇಳ್ಕೊಡಿ" ಎಂದರು ಅಲ್ಲಿಯ ಮೇಡಂ. ತಾಯಿ ಮಗಳು ಕೂತು ಕಟ್ಟಳೆ ಮಾಡಿದರು: ಹೊಲಿಗೆ ಯಂತ್ರದ ಮೇಲೆ ಕೆಂಪು ಬಟ್ಟೆ ಬಿದ್ದರೆ ಮನಸ್ಸು ಸರಿಯಿಲ್ಲ ಎಂದರ್ಥ. ಅದು ಯಾರ ತಪ್ಪೂ ಅಲ್ಲ. ಬುದ್ಧಿ ಹೇಳಬಾರದು, ಬಿಸಿ ಹಾಲು ಕೊಟ್ಟು ಪಕ್ಕದಲ್ಲಿ ಕೂರಬೇಕು. ಆ ಬಟ್ಟೆಗೂ ಒಂದು ಜೇಬಿತ್ತು, ಅದು ಬೇರೆ ಮಾತು. ಮಗಳು ಇದನ್ನೆಲ್ಲ ಫೋನಿನಲ್ಲಿ ಅತ್ತೆಗೂ ವರದಿ ಒಪ್ಪಿಸಿದಳು.

ಭಾನುವಾರ ನಾದಿನಿ ಪರೀಕ್ಷೆಗೆ ಬಂದೇ ಬಂದಳು. ಕೈಯಲ್ಲಿ, ಮಗುವಿನ ಬಟ್ಟೆ ತುಂಬಲು ಖಾಲಿ ಚೀಲ. ದರ್ಜಿಯಮ್ಮ ನೆಲ ಒರೆಸಿ, ತಲೆ ಬಾಚಿ, ನಗುನಗುತ್ತಾ ಬಾಗಿಲು ತೆಗೆದಳು. ನೋಡಿದರೆ ಯಂತ್ರದ ಮೇಲೆ ಕೆಂಪು ಬಟ್ಟೆ!

"ನೋಡಿದ್ರಾ ಅತ್ತಿಗೆ? ನಾನ್ ಹೇಳ್ಲಿಲ್ವಾ?" ಎಂದಳು ನಾದಿನಿ.

"ಅಯ್ಯೋ, ನಾನು ಹಾಕಿಲ್ಲ ಕಣೇ! ನಾನು ಚೆನ್ನಾಗೇ ಇದೀನಿ!"

"ನಾನು ಹಾಕಿದ್ದು." ಯಂತ್ರದ ಕೆಳಗೆ ಮಗಳು ಮುದುಡಿ ಕೂತಿದ್ದಳು. "ಇವತ್ತು ನನ್ ಮನಸ್ಸು ಸರಿಯಿಲ್ಲ. ಅಮ್ಮಂದೇನೂ ತಪ್ಪಿಲ್ಲ."

ನಾದಿನಿ ಬಾಯಿ ತೆರೆದಳು.

"ಅತ್ತೆ, ಬುದ್ಧಿ ಹೇಳೋ ಹಾಗಿಲ್ಲ."

ಬುದ್ಧಿ ಹೇಳಿಯೇ ಬದುಕಿದ್ದ ನಾದಿನಿಗೆ ಉಸಿರು ಕಟ್ಟಿದಂತಾಯಿತು. ದರ್ಜಿಯಮ್ಮ ಹಾಲು ಕಾಯಿಸಿ ತಂದು ಮಗಳ ಪಕ್ಕ ನೆಲದ ಮೇಲೆ ಕೂತಳು. ಮಗಳು ಕುಡಿದು, ಹಾಲಿನ ಮೀಸೆ ಒರೆಸಿಕೊಂಡು, "ಅತ್ತೆ ಚೀಲ ತರ್ತಾರೆ ಅಂತ ಬೆಳಗ್ಗೆಯಿಂದ ಹೆದರಿಕೆ ಆಗ್ತಿತ್ತು" ಎಂದಳು.

ನಾದಿನಿಗೆ ಚುರುಕ್ಕೆಂದಿತು. ಚೀಲವನ್ನು ಮಡಿಸಿದಳು, ಮತ್ತೆ ಮಡಿಸಿದಳು. ಎಲ್ಲಿಡುವುದೆಂದು ತೋಚದೆ ಕಿಟಕಿ ಪರದೆಯ ಜೇಬಿಗೆ ತುರುಕಿದಳು. ಆಮೇಲೆ ಅವಳೂ ನೆಲದ ಮೇಲೆ ಕೂತು, "ಅತ್ತಿಗೆ, ನಂಗೂ ಒಂದು ಲೋಟ ಹಾಲು" ಎಂದಳು.

ಚೀಲ ಇವತ್ತಿಗೂ ಆ ಜೇಬಿನಲ್ಲೇ ಇದೆ.