ಜೇಬಿನಲ್ಲಿ ಉಳಿದ ಬನ್ನಿ

ಒಗೆಯಲು ಹಾಕುವ ಮುನ್ನ ಅಂಗಿಯ ಜೇಬು ನೋಡುವ ಅಭ್ಯಾಸ ನನಗಿಲ್ಲ. ಹೀಗಾಗಿ ವಿಜಯದಶಮಿಯ ಮರುದಿನ ಮನೆಯ ಬಟ್ಟೆಗಳಿಗೆಲ್ಲ ಬನ್ನಿ ಎಲೆಯ ಚೂರುಗಳು ಅಂಟಿರುತ್ತವೆ. ಬಂಗಾರವನ್ನು ಇಷ್ಟು ಸಲೀಸಾಗಿ ಹಾಳುಮಾಡುವವನು ಕೂಡ್ಲಿಗಿ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲವೆಂಬುದು ಹೆಂಡತಿಯ ಅಭಿಪ್ರಾಯ.

ವರದಿಗಾರನಾದ ನಾನು ಬನ್ನಿಯ ಸುದ್ದಿಯನ್ನು ಮೊದಲೇ ಬರೆದಿಟ್ಟುಕೊಳ್ಳುವವನು. ಗುಡೇಕೋಟೆ ದಾರಿಯ ಒಂದು ಊರಿನಲ್ಲಿ, ಹಿಂದೆ ಪಾಳೆಯಪಟ್ಟು ಆಳಿದ ಮನೆತನಕ್ಕೆ ಈಗ ಉಳಿದಿರುವುದು ಗೊಬ್ಬರದ ಅಂಗಡಿ, ಒಂದು ಕತ್ತಿ ಮತ್ತು ಒಂದು ಹಕ್ಕು: ಆ ಕತ್ತಿ ಬನ್ನಿ ಮರವನ್ನು ಮುಟ್ಟುವವರೆಗೆ ಊರಲ್ಲಿ ಯಾರೂ ಬನ್ನಿ ಹಂಚುವಂತಿಲ್ಲ. ಆ ಮನೆಯಲ್ಲಿ ಸಾವಾದರೆ ಸೂತಕ. ಕತ್ತಿ ಹೊರಬರದು, ಊರಿಗೇ ಬನ್ನಿಯಿಲ್ಲ. ‘ಮನೆತನದ ಹಿರಿಯರು ಸಂಪ್ರದಾಯದಂತೆ ಬನ್ನಿ ಮುಡಿದರು’ ಎಂಬ ನನ್ನ ವಾಕ್ಯಕ್ಕೆ, ಮಳೆ ಬಂದ ವರ್ಷ ಮಾತ್ರ ಒಂದು ಪದ ಹೆಚ್ಚುತ್ತಿತ್ತು.

ಕಳೆದ ವರ್ಷವೂ ಸುದ್ದಿಯನ್ನು ಮಧ್ಯಾಹ್ನವೇ ಕಳಿಸಿಬಿಟ್ಟಿದ್ದೆ. ಆ ಮನೆಯ ಮಗ ಕತ್ತಿ ಹಿಡಿದು ಡೊಳ್ಳಿನವರೊಂದಿಗೆ ಹೊರಟ ಮೇಲೆ, ಹಾಸಿಗೆ ಹಿಡಿದಿದ್ದ ಹಿರಿಯರನ್ನು ಮಾತಾಡಿಸಲು ಒಳಗೆ ಹೋದೆ. ಅವರ ಹೆಂಡತಿ, ಊರು ದೊರೆಸಾನಿ ಎಂದು ಕರೆಯುವ ಮುದುಕಿ, ಕೋಣೆಯ ಹೊಸ್ತಿಲಲ್ಲಿ ಕೂತಿದ್ದರು.

“ಮಲಗ್ಯಾರ. ಎಬ್ಬಿಸಬ್ಯಾಡ್ರಿ.”

ಆ ಸೆಕೆಯಲ್ಲೂ ಫ್ಯಾನ್ ನಿಂತಿತ್ತು. ಕಂಬಳಿಯ ಹೊರಗಿದ್ದ ಕಾಲ್ಬೆರಳುಗಳನ್ನು, ಹೆಣಕ್ಕೆ ಕಟ್ಟುವಂತೆ, ಸೀರೆಯ ಚೂರಿನಿಂದ ಜೋಡಿಸಿ ಕಟ್ಟಲಾಗಿತ್ತು. ನಾನು ನೋಡಿದ್ದನ್ನು ಅವರು ನೋಡಿದರು.

“ಕಂಡಿದ್ದೆಲ್ಲಾ ಬರಿತೀರೇನ್ರಿ, ಪೇಪರ್‌ನೋರೇ?”

“ಮಗನಿಗೆ ಗೊತ್ತೈತೇನಮ್ಮಾ?”

“ಗೊತ್ತಾಗಿದ್ರ ಕತ್ತಿ ಮುಟ್ತಿದ್ನೇನು? ಹಿಂದಕ ನನ್ನ ಚೊಚ್ಚಲ ಕೂಸು ಇದ ದಿನ ಹೋತು. ಬಾಯಿಬಿಟ್ಟು ಅತ್ತೆ, ಬನ್ನಿ ನಿಂತುಹೋತು. ಆ ವರ್ಷ ಊರಾಗ ಎತ್ತು ಸತ್ರೂ ನನ್ನ ಕಡಿಗೇ ಬೊಟ್ಟು ಮಾಡಿದ್ರು. ಕೂಸಿಗಂತ ಒಬ್ರೂ ಅಳಲಿಲ್ಲ. ಇವರಿಗಾರ ಊರು ಅಳ್ಳಿ.”

ನಾನು ಅಲ್ಲೇ ಕೂತೆ. ಕತ್ತಿ ಮರಳಿತು. ಮಗ ತಂದ ಮೊದಲ ಎಲೆಯನ್ನು ಅವರು ಸೆರಗಿಗೆ ಕಟ್ಟಿಕೊಂಡರು. ಹಿಂದೆಯೇ ಊರು ಬಂತು.

“ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ, ದೊರೆಸಾನಿ. ಧಣ್ಯಾರ ನಿದ್ದಿ ಇನ್ನಾ ಮುಗೀಲಿಲ್ಲೇನು? ಯುದ್ಧಕ್ಕ ಹೋಗಿ ಬಂದ್ರೇನು?”

ದೊರೆಸಾನಿ ನಕ್ಕರು. ಎಷ್ಟೋ ಅಪಘಾತಗಳ ಸ್ಥಳದಲ್ಲಿ ನಿಂತು ಬರೆದುಕೊಂಡಿದ್ದೇನೆ. ಆ ನಗುವನ್ನು ನೋಡಲಾಗದೆ ಗೋಡೆಯ ಕ್ಯಾಲೆಂಡರ್ ಓದಿದೆ.

ಕೊನೆಯವನು ಅಂಗಳ ದಾಟಿದ. ನನ್ನ ಕೈಗೂ ಒಂದು ಎಲೆ ಕೊಟ್ಟು ದೊರೆಸಾನಿ ಒಳಗೆ ಹೋದರು. ಸೆರಗಿನ ಎಲೆಯನ್ನು ಗಂಡನ ಅಂಗೈಗಿಟ್ಟು ಬೆರಳು ಮಡಿಸಲು ನೋಡಿದರು. ಬೆರಳು ಮಡಿಯಲಿಲ್ಲ. ಆಗ ಬಾಯಿಬಿಟ್ಟು ಅತ್ತರು.

ಮರುದಿನ ನನ್ನ ಪತ್ರಿಕೆಯಲ್ಲಿ ಹಿರಿಯರು ಬನ್ನಿ ಮುಡಿದಿದ್ದರು. ಅದೇ ಪುಟದ ಕೆಳಗೆ, ಆ ಸಂಜೆ ನಿಧನರಾಗಿದ್ದರು. ಎರಡೂ ನನ್ನವೇ, ಎರಡೂ ಸುಳ್ಳು. ತಿದ್ದುಪಡಿ ಕಳಿಸಲಿಲ್ಲ.

ಆ ದಿನ ತೊಟ್ಟಿದ್ದ ಅಂಗಿಯನ್ನು ಇನ್ನೂ ಒಗೆಯಲು ಹಾಕಿಲ್ಲ. ಹೆಂಡತಿ ಕೇಳಿದರೆ, ಗುಂಡಿ ಹೋಗಿದೆ ಎನ್ನುತ್ತೇನೆ.