ನೆಲಕ್ಕೆ ತಾಗಿದ ಮುಂದಿನ ಚಕ್ರಗಳು

ಕಳೆದ ವಾರ ಆಸ್ಟಿನ್‌ನ ಒಂದು ಸಿಗ್ನಲ್‌ನಲ್ಲಿ ನಿಂತಿದ್ದಾಗ ಮುಂದಿನ ಕಾರಿನಿಂದ ಸುಟ್ಟ ಗೇರ್ ಎಣ್ಣೆಯ ವಾಸನೆ ಬಂತು. ಗಾಜು ಏರಿಸಿದೆ, ಎಸಿ ಆರಿಸಿದೆ, ಹೋಗಲಿಲ್ಲ. ಹಿಂದೆ ನಾನಿದ್ದ ಕ್ಯಾರಲ್ಟನ್ನಿನ ಕೆಳಮನೆ ಅಂಕಲ್ ನೆನಪಾದರು. ಅವರನ್ನು ನೆನೆಯುವ ಇಷ್ಟ ನನಗೇನೂ ಇರಲಿಲ್ಲ.

ಧಾರವಾಡದವರು. ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳನ್ನು ರೂಪಿಸಿ ಪರೀಕ್ಷಿಸುವುದೇ ಅವರ ಕೆಲಸ. ಮುಂದಿನ ಚಕ್ರಗಳೇ ಎಳೆಯುವ ನನ್ನ ಹಳೆಯ ಕಾರಿನ ಗೇರ್ ಎಣ್ಣೆಯನ್ನು ತಾವೇ ಬದಲಿಸಿಕೊಡುತ್ತಿದ್ದರು. ಹಳೆಯದು ಡಿಕಾಕ್ಷನ್ ಬಣ್ಣ, ಹೊಸದು ದಾಳಿಂಬೆ ರಸದ ಬಣ್ಣ. "ಎಂಜಿನ್ ಎಣ್ಣಿ ಎಲ್ಲಾರೂ ನೆನಪಿಡ್ತಾರ, ಗೇರ್‌ಬಾಕ್ಸ್ ಕೇಳವ್ರ ಇಲ್ಲ ನೋಡು ತಂಗಿ" ಎಂದು ಗೊಣಗುತ್ತಿದ್ದರು.

ನಾನು ಫಿಸಿಯೋಥೆರಪಿಸ್ಟ್. ಸಂಜೆ ಅವರ ಹೆಂಡತಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಪಾರ್ಶ್ವವಾಯು ಹೊಡೆದು ಆಂಟಿಯ ಬಲಗೈ ಮುಷ್ಟಿ ಕಟ್ಟಿತ್ತು, ಮಾತು ನಿಂತುಹೋಗಿತ್ತು. ನೋಡನೋಡುತ್ತಾ ಆ ಕೈ ಲೋಟ ಹಿಡಿಯುವಷ್ಟಾಯಿತು...

ಅಷ್ಟರಲ್ಲಿ ನನಗೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ರೋಗಿಗಳ ಮನೆಮನೆಗೆ ಹೋಗಬೇಕು, ಕಾರಿಲ್ಲದೆ ಆಗುವ ಕೆಲಸವಲ್ಲ. ಸುದ್ದಿ ಕೇಳಿದ ಅಂಕಲ್ ಎದ್ದು ಒಳಗೆ ಹೋದರು, ಆಮೇಲೆ ನನ್ನೊಡನೆ ಮಾತೇ ಬಿಟ್ಟರು. ಆಂಟಿಗೆ ಮಾತ್ರ ನಾನು ಹೇಳಿದ್ದೆ: ಪ್ರತಿ ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತೇನೆ, ವ್ಯಾಯಾಮ ನಿಲ್ಲುವುದಿಲ್ಲ. ಅವರು ಅದೇ ಕೈಯಿಂದ ನನ್ನ ಬೆರಳು ಒತ್ತಿದರು.

ಹೊರಡುವ ದಿನ ಗೆಳೆಯರು ಬಾಡಿಗೆ ಟ್ರಕ್ಕಿಗೆ ಸಾಮಾನು ತುಂಬಿ, ಕಾರನ್ನು ಹಿಂದೆ ಕಟ್ಟಿದರು. ಹಿಂದಿನ ಚಕ್ರಗಳು ಪುಟ್ಟ ಟ್ರೇಲರ್ ಮೇಲೆ, ಮುಂದಿನವು ರಸ್ತೆಯ ಮೇಲೆ. ಅಂಕಲ್ ತಾವಾಗಿಯೇ ಬಂದರು. ಬಗ್ಗಿ ನೋಡಿದರು, ಒಂದು ಪಟ್ಟಿಯನ್ನು ಎಳೆದು ಬಿಗಿ ಮಾಡಿದರು.

"ಗಟ್ಟಿ ಅದ ತಂಗಿ. ನಿಶ್ಚಿಂತಿಯಿಂದ ಹೋಗು."

ಸಿಟ್ಟು ಇಳಿಯಿತಲ್ಲ ಎಂದು ನನಗೆ ಕಣ್ಣು ತುಂಬಿ ಬಂದಿತ್ತು. ಎಂಥ ಪೆದ್ದಿ ನಾನು!

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್ ತಲುಪಿದಾಗ ಬಾನೆಟ್ ಅಡಿಯಿಂದ ಸುಟ್ಟ ವಾಸನೆ. ಎಂಜಿನ್ ಆಫ್ ಇದ್ದರೆ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಯುವುದಿಲ್ಲ, ಇಂಥ ಕಾರಿನ ಮುಂದಿನ ಚಕ್ರಗಳನ್ನು ಉರುಳಿಸಿಕೊಂಡು ಬಂದರೆ ಒಳಗೆಲ್ಲ ಸುಟ್ಟುಹೋಗುತ್ತದೆ ಎಂದ ಅಲ್ಲಿನ ಮೆಕ್ಯಾನಿಕ್. ರಿಪೇರಿ ಮಾಡಿಸುವ ಶಕ್ತಿ ನನಗಿರಲಿಲ್ಲ. ಕೆಲಸ ಶುರುವಾಗುವ ಮೊದಲೇ ಹೋಯಿತು. ಆಸ್ಟಿನ್‌ನಲ್ಲಿದ್ದ ಗೆಳತಿಯ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿದೆ.

ಕೆಲವು ವಾರಗಳ ನಂತರ ಅಂಕಲ್ ಫೋನ್ ಮಾಡಿದರು.

"ನಿಮಗೆ ಗೊತ್ತಿತ್ತಲ್ವಾ ಅಂಕಲ್?" ಎಂದೆ.

"ಗೊತ್ತಿತ್ತು. ಗಾಡಿ ಕೆಟ್ರ ಮರಳಿ ಬರ್ತಿ ಅನ್ಕೊಂಡೆ. ಆಕಿ ಕೈ ಮತ್ತ ಮುಷ್ಟಿ ಕಟ್ಟಲಿಕ್ಕತ್ತದ." ಆಮೇಲೆ ಅಂದರು, "ಶನಿವಾರ ಬಂತಂದ್ರ ಕಿಟಕಿ ಮುಂದ ಕೂಡಸು ಅಂತ ಸನ್ನಿ ಮಾಡ್ತಾಳ. ಯಾಕಂತ ತಿಳೀವಲ್ದು."

"ಪ್ರತಿ ಶನಿವಾರ ಬರ್ತೀನಿ ಅಂತ ಆಂಟಿಗೆ ಮಾತು ಕೊಟ್ಟಿದ್ದೆ. ಅದೇ ಕಾರಲ್ಲಿ."

ಆ ಕಡೆಯಿಂದ ಅಳುವ ಸದ್ದು. ನಾನು ಫೋನ್ ಇಡಲಿಲ್ಲ, ಪೂರ್ತಿ ಕೇಳಿಸಿಕೊಂಡೆ. ನೋಯಲಿ ಎಂದೇ ಹೇಳಿದ್ದೆ. ಹೊಟ್ಟೆ ತಣ್ಣಗಾಯಿತು.

ಈಗ ಇಬ್ಬರೂ ಇಲ್ಲ. ಆಂಟಿ ಮೊದಲು ಹೋದರು, ಹಿಂದೆಯೇ ಅವರೂ... ಅಂಕಲ್ ಬಗ್ಗೆ ನನಗೆ ಇಂದಿಗೂ ಮರುಕವಿಲ್ಲ. ಇರುವ ಮರುಕವೆಲ್ಲ ಆಂಟಿಯ ಮೇಲೆಯೇ. ನಾನು ಯಾಕೆ ಬರಲಿಲ್ಲವೆಂದು ಅಂಕಲ್ ಆಂಟಿಗೆ ಕೊನೆಯವರೆಗೂ ಹೇಳಲಿಲ್ಲವೆಂದು ಅವರ ಮಗಳಿಂದ ತಿಳಿಯಿತು. ಆ ಫೋನಿನ ನಂತರ ಅವರು ಮಾಡಿದ್ದು ಒಂದೇ: ಆಂಟಿ ಎಷ್ಟು ಸನ್ನೆ ಮಾಡಿದರೂ ಶನಿವಾರ ಕಿಟಕಿಯ ಮುಂದೆ ಕೂಡಿಸಲಿಲ್ಲವಂತೆ.