ವರ್ಲಿನ್ ಸ್ಟ್ರೌಡ್‌ನ ಎಡಗಿವಿ

ಟೂಸಾನ್ ಊರಿನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತನಾದ ವರ್ಲಿನ್ ಸ್ಟ್ರೌಡ್‌ನ ಬಲಗಿವಿಗೆ ಏನೂ ಆಗಿರಲಿಲ್ಲ. ಅಮೆರಿಕದ ಬಸ್ಸಿನಲ್ಲಿ ಚಾಲಕ ಕೂರುವುದು ಎಡಕ್ಕೆ; ಹಾಗಾಗಿ ಕಿಟಕಿ ಪಕ್ಕದ ಎಡಗಿವಿ ಮಾತ್ರ ಜೀವಮಾನವಿಡೀ ಅರಿಜೋನದ ಬಿಸಿಲು ಉಂಡು, ಕಡೆಗೆ ತುದಿಯಲ್ಲೊಂದು ಗಂಟು ಎಬ್ಬಿಸಿಕೊಂಡಿತು. ಚರ್ಮದ ಕ್ಯಾನ್ಸರ್ ಎಂದರು ವೈದ್ಯರು. ಕತ್ತರಿಸಿ ತೆಗೆದರು, ಗಾಯವೂ ಮಾಯಿತು.

ತೆಗೆದ ತುಣುಕನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದಾಗ ವರ್ಲಿನ್ ಧಾರಾಳವಾಗಿ ಒಪ್ಪಿದ್ದ. ಕೊಟ್ಟ ಮೇಲೆ, ಮಗಳನ್ನು ಗಂಡನ ಮನೆಗೆ ಕಳಿಸಿದ ತಂದೆಯ ಹಾಗೆ, ಅವನಿಗೆ ಅದರದೇ ಚಿಂತೆ ಹತ್ತಿತು. ಒಂದು ಬೆಳಿಗ್ಗೆ ಪ್ರಯೋಗಾಲಯಕ್ಕೇ ಫೋನು ಮಾಡಿದ.

“ನನ್ನ ಕಿವಿ ಹೇಗಿದೆಯಮ್ಮಾ? ಹೊಟ್ಟೆಗೆ ಸರಿಯಾಗಿ ಹಾಕ್ತಿದೀರಾ?”

ಫೋನು ಎತ್ತಿದವಳು ಅಲ್ಲಿನ ಮುಖ್ಯಸ್ಥೆ ಇಮೆಲ್ಡಾ ಕಿಹೂಯಿಸ್. ಅಲ್ಲಿಯವರೆಗೆ ಯಾರೂ ತಮ್ಮ ತುಣುಕಿನ ಯೋಗಕ್ಷೇಮ ವಿಚಾರಿಸಿರಲಿಲ್ಲ.

“ಚೆನ್ನಾಗಿದೆ ಸ್ಟ್ರೌಡ್ ಅವ್ರೇ. ತುಂಬಾ ಚೆನ್ನಾಗಿರೋದೇ ತೊಂದ್ರೆ. ಬಂದು ನೋಡ್ಕೊಂಡು ಹೋಗಿ,” ಎಂದಳು.

ವರ್ಲಿನ್ ಹೋಗಿ ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಗಾಜಿನ ತಟ್ಟೆಯಲ್ಲಿ ಅವನ ಕಿವಿಯ ಕೋಶಗಳು ಒಂದರ ಮೇಲೊಂದು ಬಿದ್ದು ಬೆಳೆದಿದ್ದವು.

“ಯಾಕೆ ಹಿಂಗಾಡ್ತಿದಾವೆ?”

“ಪ್ರತಿ ಕೋಶದಲ್ಲೂ ಡೈಸರ್ ಅಂತ ಒಂದು ಕತ್ತರಿ ಇರತ್ತೆ,” ಎಂದಳು ಇಮೆಲ್ಡಾ. “ಆರ್‌ಎನ್‌ಎ ಎಳೇನ ಪುಟ್ಟ ಪುಟ್ಟ ತುಂಡು ಮಾಡತ್ತೆ. ಮೈಕ್ರೋ ಆರ್‌ಎನ್‌ಎ ಅಂತೀವಿ ಅದಕ್ಕೆ. ಬೆಳೀರಿ ಬೆಳೀರಿ ಅಂತ ಕೂಗೋ ಜೀನುಗಳ ಬಾಯಿ ಮುಚ್ಚಿಸೋದು ಅವು. ನಿಮ್ಮ ಕೋಶಗಳಲ್ಲಿ ಆ ಕತ್ತರಿ ಅರ್ಧಕ್ಕರ್ಧ ಕಮ್ಮಿ. ಗಡ್ಡೆ ಆಗದ ಹಾಗೆ ತಡೆಯೋ ಪಿ-53 ಅಂತ ಕಾವಲಿನ ಜೀನು ಒಂದಿತ್ತು. ಬಿಸಿಲು ಅದನ್ನೂ ಕೆಡಿಸಿದೆ.”

“ಅಂದ್ರೆ ಹೇಳೋರಿಲ್ಲ, ಕೇಳೋರಿಲ್ಲ,” ಎಂದ ವರ್ಲಿನ್. ಇಂಥ ಪರಿಸ್ಥಿತಿ ಅವನಿಗೆ ಹೊಸದಲ್ಲ. ತಟ್ಟೆಯ ಮೇಲೆ ಬಗ್ಗಿ, ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುತ್ತಿದ್ದ ಹಳೆಯ ದನಿಯಲ್ಲಿ ಗದರಿದ: “ಎಲ್ರೂ ಕೂತ್ಕೊಳ್ಳಿ.”

ಪ್ರಯೋಗಾಲಯದವರೆಲ್ಲ ಕೂತುಬಿಟ್ಟರು. ಕುರ್ಚಿ ಸಿಗದ ಇಮೆಲ್ಡಾ ಐಸಿನ ಡಬ್ಬಿಯ ಮೇಲೆ ಕೂತಳು. ಕೋಶಗಳು ಮಾತ್ರ ಕ್ಯಾರೇ ಅನ್ನಲಿಲ್ಲ.

ಮನೆಗೆ ಬಂದು ಹೆಂಡತಿ ನೊರೀನ್‌ಗೆ ಹೇಳಿದ. “ತಲೇಲಿದ್ದಾಗಲೇ ನನ್ನ ಮಾತು ಕೇಳದ ಕಿವಿ, ತಟ್ಟೇಲಿ ಕೂತು ನಿನ್ನ ಮಾತು ಕೇಳುತ್ತಾ?” ಎಂದಳು ಅವಳು.

ಮುಂದೆ ಇಮೆಲ್ಡಾ ಒಂದಷ್ಟು ತಟ್ಟೆಗಳ ಕೋಶಗಳಿಗೆ ಡೈಸರನ್ನು ಮರಳಿ ಸೇರಿಸಿದಳು. ಅವುಗಳ ಆರ್ಭಟ ಇಳಿಯಿತು. ಸುದ್ದಿ ತಿಳಿದ ವರ್ಲಿನ್ ತಿಂಡಿ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿದ್ದೇ ಬೇರೆ: “ಬೈದಿದ್ದು ತಲೆಗೆ ಹತ್ತೋಕೆ ಸ್ವಲ್ಪ ಟೈಮ್ ಬೇಕು. ಮಕ್ಕಳೂ ಹಾಗೇ.”

ಆಮೇಲೊಮ್ಮೆ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಕೆಟ್ಟು ಒಂದು ತಟ್ಟೆ ಪೂರ್ತಿ ಸತ್ತುಹೋಯಿತು. ವರ್ಲಿನ್ ಶೋಕಕ್ಕೆಂದು ಕಪ್ಪು ಟೈ ಕಟ್ಟಿಕೊಂಡ.

“ಸತ್ತಿದ್ದು ಕ್ಯಾನ್ಸರ್ ಕಣೋ. ಕುಣೀಬೇಕು ನೀನು,” ಎಂದಳು ನೊರೀನ್.

“ಆದ್ರೂ ನಮ್ಮನೇದಲ್ವೇನೇ?”

ಸಾವಿನ ಮನೆಗೆ ಅಡುಗೆ ಮಾಡಿ ಒಯ್ಯುವುದು ಅಲ್ಲಿನ ಪದ್ಧತಿ; ಬರಿಗೈಯಲ್ಲಿ ಹೋಗಿ ನೊರೀನ್‌ಗೆ ಅಭ್ಯಾಸವಿರಲಿಲ್ಲ. ಟ್ಯೂನಾ ಮೀನು, ನೂಡಲ್ಸ್, ಚೀಸ್ ಸೇರಿಸಿ ಒಂದು ದೊಡ್ಡ ಪಾತ್ರೆ ತುಂಬ ಬೇಯಿಸಿ ಪ್ರಯೋಗಾಲಯಕ್ಕೆ ಹೊತ್ತು ತಂದಳು. ಪ್ರಯೋಗಾಲಯದವರು ಊಟದ ಕೋಣೆಯಲ್ಲಿ ಸುತ್ತ ನಿಂತು, ನಗು ತಡೆದುಕೊಂಡು, ತಲೆ ತಗ್ಗಿಸಿ ಉಂಡರು.

ಊಟವಾದ ಮೇಲೆ ಬದುಕುಳಿದ ಕೋಶಗಳ ಒಂದು ತಟ್ಟೆಯನ್ನು ತಾನೂ ನೋಡಬೇಕೆಂದಳು ನೊರೀನ್. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಬಹಳ ಹೊತ್ತು ನಿಂತಳು.

“ಇಷ್ಟೇನಾ ಇದು?” ಎಂದಳು ಮೆಲ್ಲಗೆ. “ಇದಕ್ಕಾ ನಾನು, ಡಾಕ್ಟ್ರು ಕ್ಯಾನ್ಸರ್ ಅಂದ ಆ ತಿಂಗಳೆಲ್ಲಾ ನಿದ್ದೆಗೆಟ್ಟಿದ್ದು?”

ವರ್ಲಿನ್‌ಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಟೈ ಬಿಚ್ಚಿ ಜೇಬಿಗಿಟ್ಟುಕೊಂಡು, ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟು, ಅವಳು ಸಾಕೆನ್ನುವವರೆಗೂ ಪಕ್ಕದಲ್ಲೇ ನಿಂತ.